ಆರ್‌ವಿಗೆ ಹಿಂಬದಿ ಕ್ಯಾಮೆರಾ: ರಿವರ್ಸ್‌ಗಿಂತ ಜಾಸ್ತಿ ಕೆಲಸ ಮುಂದೆ ಹೋಗುವಾಗ

ಅಮೆರಿಕದಲ್ಲಿ ಇವತ್ತು ತೀರಾ ಅಗ್ಗದ ಪುಟ್ಟ ಹೊಸ ಕಾರು ಕೊಂಡರೂ ಹಿಂದೆ ಒಂದು ಕ್ಯಾಮೆರಾ ಇದ್ದೇ ಇರುತ್ತದೆ. ಇಲ್ಲದೆ ಮಾರುವ ಹಾಗೇ ಇಲ್ಲ. ಅದೇ ಊರಿನಲ್ಲಿ 40 ಅಡಿ ಉದ್ದ, ಎಂಟೂವರೆ ಅಡಿ ಅಗಲದ ಮೋಟರ್‌ಹೋಮ್ ಕೊಂಡರೆ? (ಇಂಥ ಓಡಾಡುವ ಮನೆಗಳಿಗೂ, ಗಾಡಿಯ ಹಿಂದೆ ಕಟ್ಟಿ ಎಳೆಯುವ ಮನೆ-ಟ್ರೈಲರ್‌ಗಳಿಗೂ ಸೇರಿ ಅಲ್ಲಿನ ಹೆಸರು ಆರ್‌ವಿ.) ಮಲಗುವ ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ಬರುತ್ತವೆ. ಕ್ಯಾಮೆರಾ ಇರಲೇಬೇಕು ಅಂತ ಮಾತ್ರ ಕಾನೂನಿಲ್ಲ. ಡ್ರೈವರ್ ತಲೆಯ ಮೇಲೆ ಕಾರಿನಲ್ಲಿರುವಂಥ ಕನ್ನಡಿ ಹಾಕಿಕೊಂಡರೂ ಅದರಲ್ಲಿ ಕಾಣುವುದು ನಿಮ್ಮದೇ ಫ್ರಿಜ್ಜು, ಅದರಾಚೆ ನಿಮ್ಮದೇ ಮಂಚ.

ಇದು ತಲೆಕೆಳಗಾದ ಲೆಕ್ಕ ಅನ್ನಿಸುತ್ತದೆ ಅಲ್ವಾ? ಹಿಂದೆ ಏನೂ ಕಾಣದ ಗಾಡಿಗೆ ಕ್ಯಾಮೆರಾ ಕಡ್ಡಾಯವಲ್ಲ, ತಿರುಗಿ ನೋಡಿದರೆ ಅಷ್ಟೋ ಇಷ್ಟೋ ಕಾಣುವ ಗಾಡಿಗೆ ಕಡ್ಡಾಯ. ಆದರೆ ಈ ಕಾನೂನು ಹುಟ್ಟಿದ ಕಥೆ ನೋಡಿದರೆ ಕಾರಣ ಗೊತ್ತಾಗುತ್ತದೆ.

2002ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಮಕ್ಕಳ ಡಾಕ್ಟರೊಬ್ಬರು ಮನೆ ಮುಂದೆ ತಮ್ಮ ಎಸ್‌ಯುವಿಯನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಎರಡು ವರ್ಷದ ಮಗ ಕ್ಯಾಮರಾನ್ ಗಲ್‌ಬ್ರಾನ್ಸನ್ ಅವರಿಗೆ ಗೊತ್ತಿಲ್ಲದ ಹಾಗೆ ಹೊರಗೆ ಬಂದಿದ್ದ. ಕನ್ನಡಿಗಳನ್ನೆಲ್ಲ ನೋಡಿಕೊಂಡೇ ತೆಗೆದರೂ ಮಗು ಗಾಡಿಗೆ ಸಿಕ್ಕಿ ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲೇ ಒಂದು ಕಾಯ್ದೆ ಬಂತು. 2008ರ ಫೆಬ್ರವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅದಕ್ಕೆ ಸಹಿ ಹಾಕಿದರು. ನಿಯಮ ಬರೆಯುವ ಕೆಲಸ ಮಾತ್ರ ವರ್ಷಗಟ್ಟಲೆ ಎಳೆಯಿತು. ಕೊನೆಗೆ ಮಗುವಿನ ತಂದೆಯೇ ಕೋರ್ಟಿಗೆ ಹೋಗಬೇಕಾಯಿತು. 2014ರಲ್ಲಿ ನಿಯಮ ಅಂತಿಮವಾಯಿತು, 2018ರ ಮೇ 1ರಿಂದ ಎಲ್ಲ ಹೊಸ ಕಾರುಗಳಿಗೂ ಪೂರ್ತಿ ಜಾರಿಯಾಯಿತು. ಗಾಡಿಯ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗ ಪರದೆಯ ಮೇಲೆ ಕಾಣಬೇಕು. ರಿವರ್ಸ್ ಗೇರ್ ಹಾಕಿ ಎರಡು ಸೆಕೆಂಡಿನೊಳಗೆ ಕಾಣಬೇಕು.

ಕಾಯ್ದೆಯ ಕಣ್ಣಿದ್ದದ್ದು ಮನೆ ಅಂಗಳದ ಮೇಲೆ, ಅಲ್ಲಿ ಆಡುವ ಮಕ್ಕಳ ಮೇಲೆ. ಹಾಗಾಗಿ ಸರಕು ತುಂಬಿದ ತೂಕದ ಮಿತಿ 10,000 ಪೌಂಡ್, ಅಂದರೆ ಸುಮಾರು 4,536 ಕೆಜಿ ದಾಟಿದ ಗಾಡಿಗಳನ್ನು ಅದು ಶುರುವಿನಲ್ಲೇ ಹೊರಗಿಟ್ಟಿತು. ಟ್ರೈಲರ್‌ಗಳನ್ನೂ ಹೊರಗಿಟ್ಟಿತು. ರ‍್ಯಾಮ್ ಪ್ರೊಮಾಸ್ಟರ್‌ನಂಥ ವ್ಯಾನಿನೊಳಗೆ ಕಟ್ಟಿದ ಚಿಕ್ಕ ಕ್ಯಾಂಪರ್ ಈ ಮಿತಿಯೊಳಗೇ ಇರುತ್ತದೆ, ಅದಕ್ಕೆ ಕ್ಯಾಮೆರಾ ಬರುತ್ತದೆ. ಬಾಡಿಗೆಗೆ ಜಾಸ್ತಿ ಸಿಗುವ, ಡ್ರೈವರ್ ಕ್ಯಾಬಿನ್ ಮೇಲೆ ಒಂದು ಹಾಸಿಗೆ ಚಾಚಿಕೊಂಡಿರುವ ದೊಡ್ಡ ಮಾದರಿಗಳು ಹಲವು ಸಲ ಫೋರ್ಡ್ ಇ-450 ಚಾಸಿಯ ಮೇಲೆ ಕೂತಿರುತ್ತವೆ. ಅದರ ಮಿತಿ 14,500 ಪೌಂಡ್. ಹಾಗಾಗಿ ಅವು ನಿಯಮದಾಚೆ. ಬಸ್ಸಿನ ಮೂತಿಯ ದೊಡ್ಡ ಮೋಟರ್‌ಹೋಮ್‌ಗಳ ಮಾತಂತೂ ಬಿಡಿ.

ಈ ಭಾರದ ಗಾಡಿಗಳಿಗೆ ಹಿಂದೆ ನೋಡಲು ಕಾನೂನು ಕೇಳುವುದು ಎರಡೂ ಪಕ್ಕದಲ್ಲಿ ಒಂದೊಂದು ಚಪ್ಪಟೆ ಕನ್ನಡಿ. ಒಂದೊಂದೂ ಕನಿಷ್ಠ 323 ಚದರ ಸೆಂಟಿಮೀಟರ್ ಇರಬೇಕು. ಎ4 ಹಾಳೆಯನ್ನು ಅರ್ಧಕ್ಕೆ ಮಡಿಚಿದರೆ ಹೆಚ್ಚುಕಮ್ಮಿ ಅಷ್ಟೇ. ಯುರೋಪಿಯನ್ ಒಕ್ಕೂಟ ಬೇರೆ ದಾರಿ ಹಿಡಿದಿದೆ. ಅಲ್ಲಿ 2024ರ ಜುಲೈಯಿಂದ ಹೊಸ ಕಾರು, ವ್ಯಾನು, ಬಸ್ಸು, ಲಾರಿ ಎಲ್ಲಕ್ಕೂ ಹಿಂದೆ ಇರುವುದನ್ನು ಪತ್ತೆ ಮಾಡುವ ಕ್ಯಾಮೆರಾನೋ ಸೆನ್ಸರೋ ಇರಬೇಕು. ತೂಕ ಜಾಸ್ತಿ ಅಂತ ರಿಯಾಯಿತಿ ಇಲ್ಲ. ನನಗೆ ಅದೇ ಸರಿ ಅನ್ನಿಸುತ್ತದೆ.

ಕಾನೂನು ಕೇಳದಿದ್ದರೂ ಅಮೆರಿಕದಲ್ಲಿ ದೊಡ್ಡ ಮೋಟರ್‌ಹೋಮ್‌ಗಳಿಗೆ ತಯಾರಕರೇ ಕ್ಯಾಮೆರಾ ಹಾಕಿ ಕೊಡುವುದು ಈಗ ಮಾಮೂಲು. ಎಳೆದುಕೊಂಡು ಹೋಗುವ ಟ್ರೈಲರ್‌ಗಳಲ್ಲಿ ಹಲವು ಸಲ ಬರೀ ವೈರು ಮತ್ತು ಹಿಡಿಕೆ ಕೂರಿಸಿ ಬಿಟ್ಟಿರುತ್ತಾರೆ. ಕ್ಯಾಮೆರಾ ನೀವು ಕೊಂಡು ಸಿಕ್ಕಿಸಬೇಕು. ಹಳೆಯ ಗಾಡಿಯಾದರೆ ಎಲ್ಲವೂ ನಿಮ್ಮದೇ ಖರ್ಚು. ಸುಮಾರು 150 ಡಾಲರ್‌ನಿಂದ ಶುರುವಾಗಿ 500, 600 ಡಾಲರ್‌ವರೆಗೂ ಹೋಗುತ್ತದೆ. ಅಷ್ಟು ಕೊಟ್ಟರೆ ಏನು ಸಿಗುತ್ತದೆ?

ಮೊದಲು ಕಾರುಗಳ ಅನುಭವ ನೋಡೋಣ. ಲೆಕ್ಕ ಇಟ್ಟವರಿರುವುದು ಅಲ್ಲೇ. ನಿಯಮ ಬಂದ ಹೊತ್ತಿಗೆ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂದಾಜಿನಂತೆ, ಹಿಂದಕ್ಕೆ ಬರುವ ಗಾಡಿಗೆ ಸಿಕ್ಕಿ ವರ್ಷಕ್ಕೆ ಸರಾಸರಿ 210 ಜನ ಸಾಯುತ್ತಿದ್ದರು, 15,000 ಜನ ಗಾಯಗೊಳ್ಳುತ್ತಿದ್ದರು. ಸತ್ತವರಲ್ಲಿ ಶೇ 31ರಷ್ಟು ಐದು ವರ್ಷದೊಳಗಿನ ಮಕ್ಕಳು, ಶೇ 26ರಷ್ಟು 70 ದಾಟಿದ ಹಿರಿಯರು. ರಸ್ತೆಯ ಮೇಲಿನ ಎಲ್ಲ ಕಾರಿಗೂ ಕ್ಯಾಮೆರಾ ಬಂದ ಮೇಲೆ ವರ್ಷಕ್ಕೆ 58ರಿಂದ 69 ಜೀವ ಉಳಿಯುತ್ತದೆ ಅಂತ ಇಲಾಖೆ ಲೆಕ್ಕ ಹಾಕಿತ್ತು. ಗಮನಿಸಿ, 210ರಲ್ಲಿ 210 ಅಲ್ಲ.

ವಿಮಾ ಕಂಪನಿಗಳ ಹಣದಿಂದ ನಡೆಯುವ ಐಐಎಚ್‌ಎಸ್ ಸಂಸ್ಥೆ ಪೊಲೀಸರ ಅಪಘಾತ ದಾಖಲೆಗಳನ್ನು ಹಿಡಿದು ಕೂತಾಗ ಸಿಕ್ಕಿದ್ದೂ ಇದೇ ಥರದ ಉತ್ತರ. ಬರೀ ಕ್ಯಾಮೆರಾ ಇದ್ದರೆ ರಿವರ್ಸ್ ಅಪಘಾತ ಶೇ 17ರಷ್ಟು ಕಡಿಮೆ. ಗಾಡಿ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಇದ್ದರೆ ಶೇ 62ರಷ್ಟು ಕಡಿಮೆ. ಕ್ಯಾಮೆರಾ, ಸೆನ್ಸರ್, ತಾನೇ ಹಾಕುವ ಬ್ರೇಕ್ ಮೂರೂ ಸೇರಿದರೆ ಶೇ 78.

ಈ 17ಕ್ಕೂ 62ಕ್ಕೂ ನಡುವೆ ಇರುವುದು ಮನುಷ್ಯ. ಕ್ಯಾಮೆರಾ ತೋರಿಸುತ್ತದೆ ಅಷ್ಟೇ, ನೋಡುವ ಕೆಲಸ ನಮ್ಮದು. ಪರದೆ ನೋಡಿದ ಮೇಲೆ ಕಣ್ಣು ಎಡಗನ್ನಡಿಗೆ ಹೋಗುತ್ತದೆ, ಬಲಗನ್ನಡಿಗೆ ಹೋಗುತ್ತದೆ. ಅಷ್ಟರಲ್ಲಿ ಪಕ್ಕದಿಂದ ಸೈಕಲ್ ಬಂದಿರುತ್ತದೆ. ಲೆನ್ಸಿನ ಮೇಲೆ ಮಳೆಹನಿ ಕೂತಿರುತ್ತದೆ, ಪರದೆಗೆ ಬಿಸಿಲು ಹೊಡೆಯುತ್ತಿರುತ್ತದೆ. ಕ್ಯಾಮೆರಾ ಕೆಟ್ಟು ಪರದೆ ಕಪ್ಪಾಗುವುದೂ ಉಂಟು. ಕೆಟ್ಟ ಹಿಂಬದಿ ಕ್ಯಾಮೆರಾಗಳಿದ್ದ ಗಾಡಿಗಳನ್ನು ಹೊತ್ತಿಗೆ ಸರಿಯಾಗಿ ವಾಪಸ್ ಕರೆಸಲಿಲ್ಲ ಅಂತ 2024ರ ನವೆಂಬರ್‌ನಲ್ಲಿ ಫೋರ್ಡ್ ಕಂಪನಿಯ ಮೇಲೆ 16.5 ಕೋಟಿ ಡಾಲರ್ ದಂಡ ಬಿತ್ತು. ಅಂದರೆ ಕಡ್ಡಾಯ ಇರುವ ಕಡೆಯೂ ಅದನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ.

ಇನ್ನು ಮೋಟರ್‌ಹೋಮ್‌ಗೆ ಬನ್ನಿ. ಇಲ್ಲಿ ನಾನು ಹೇಳಬೇಕೆಂದಿರುವುದು ಸ್ವಲ್ಪ ಬೇರೆ. ಜನ ಈ ಕ್ಯಾಮೆರಾ ಕೊಳ್ಳುವುದು ರಿವರ್ಸ್‌ಗೆ ಅಂತ. ಆದರೆ ಕೊಟ್ಟ ದುಡ್ಡು ವಸೂಲಾಗುವುದು ಮುಂದಕ್ಕೆ ಹೋಗುವಾಗ.

ಕಾರಿನಲ್ಲಿ ಸಾಮಾನ್ಯವಾಗಿ ರಿವರ್ಸ್ ಮುಗಿಸಿ ಮುಂದೆ ಹೊರಟ ಸ್ವಲ್ಪ ಹೊತ್ತಿಗೆ ಆ ಚಿತ್ರ ಆರಿಹೋಗುತ್ತದೆ. ಅಲ್ಲಿ ಹಿಂದಿನ ಗಾಜಿದೆ, ನಡುವೆ ಕನ್ನಡಿಯಿದೆ, ಆದ್ದರಿಂದ ಚಿಂತೆಯಿಲ್ಲ. ಮೋಟರ್‌ಹೋಮ್‌ನಲ್ಲಿ ಹೆದ್ದಾರಿಯಲ್ಲಿ ಹೋಗುತ್ತಿರುವಾಗ ಬೆನ್ನಿಗೆ ಅಂಟಿಕೊಂಡಂತೆ ಬರುವ ಕಾರು ಪಕ್ಕದ ಕನ್ನಡಿಗಳೆರಡರಲ್ಲೂ ಕಾಣುವುದಿಲ್ಲ. ಮೈಲಿಗಟ್ಟಲೆ ಹೋದರೂ ಹಿಂದೆ ಯಾರೋ ಇದ್ದಾರೆ ಅನ್ನುವುದೇ ಗೊತ್ತಾಗದು. ನೀವು ಒಮ್ಮೆ ಜೋರಾಗಿ ಬ್ರೇಕ್ ಒತ್ತಿದರೆ ಮುಗಿಯಿತು. ಇಲ್ಲಿ ಪರದೆ ಇಡೀ ದಿನ ಉರಿಯುತ್ತಿರಬೇಕು. ಅದು ಇಲ್ಲದ ನಡುಗನ್ನಡಿಯ ಜಾಗ ತುಂಬುತ್ತದೆ. ಲೇನ್ ಬದಲಿಸುವಾಗ ಮೊದಲು ಅದನ್ನೊಂದು ಸಲ ನೋಡಿ, ಆಮೇಲೆ ಪಕ್ಕದ ಕನ್ನಡಿ. ಬೆಟ್ಟದ ರಸ್ತೆಯಲ್ಲಿ ಹಿಂದೆ ಗಾಡಿಗಳ ಸಾಲು ಬೆಳೆದಿದ್ದು ಕಂಡರೆ ಪಕ್ಕಕ್ಕೆ ಸರಿದು ದಾರಿ ಬಿಡುವ ಮನಸ್ಸೂ ಬರುತ್ತದೆ.

ಇನ್ನೊಂದು ಉಪಯೋಗ ಇದಕ್ಕಿಂತ ದೊಡ್ಡದು. ದೊಡ್ಡ ಮೋಟರ್‌ಹೋಮ್ ಇರುವವರು ಅದರ ಬೆನ್ನಿಗೆ ಒಂದು ಕಾರನ್ನೂ ಕಟ್ಟಿಕೊಂಡು ಹೋಗುತ್ತಾರೆ. ಜೀಪ್ ರ‍್ಯಾಂಗ್ಲರ್ ಇದಕ್ಕೆ ಹೆಸರುವಾಸಿ. ನಾಲ್ಕೂ ಚಕ್ರ ನೆಲದ ಮೇಲೇ ಉರುಳುತ್ತವೆ. ಕ್ಯಾಂಪಿನಲ್ಲಿ ಮನೆ ನಿಲ್ಲಿಸಿ, ಊರು ಸುತ್ತಲು ಕಾರು. ಈಗ ಆ ಕಾರಿನ ಒಂದು ಟೈರ್ ದಾರಿಯಲ್ಲಿ ಒಡೆಯಿತು ಅನ್ನಿ. ಇಪ್ಪತ್ತು ಸಾವಿರ ಪೌಂಡಿನ ಗಾಡಿಯ ಸ್ಟೇರಿಂಗ್ ಹಿಂದೆ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ. ಬರೀ ರಿಮ್ಮಿನ ಮೇಲೆ ಕಾರು ಮೈಲಿಗಟ್ಟಲೆ ಉಜ್ಜಿಕೊಂಡು ಬರುತ್ತದೆ. ಬ್ರೇಕ್ ಹಿಡಿದುಕೊಂಡರೂ ಅಷ್ಟೆ, ಹೊಗೆ ಬಂದು ಬೆಂಕಿ ಹತ್ತುವವರೆಗೂ ಸುಳಿವಿಲ್ಲ. ಪರದೆಯಲ್ಲಿ ಕಾರು ಒಂದು ಕಡೆ ವಾಲಿದ್ದೋ ಹೊಗೆಯೋ ಕಂಡರೆ ತಕ್ಷಣ ಪಕ್ಕಕ್ಕೆ ನಿಲ್ಲಿಸಬಹುದು.

ತಮಾಷೆ ಏನೆಂದರೆ, ಹೀಗೆ ಕಾರು ಕಟ್ಟಿಕೊಂಡ ಗಾಡಿಯನ್ನು ರಿವರ್ಸ್ ತೆಗೆಯುವ ಹಾಗೇ ಇಲ್ಲ. ಹಿಂದಕ್ಕೆ ತಳ್ಳಿದ ಕೂಡಲೇ ಕಾರಿನ ಮುಂದಿನ ಚಕ್ರಗಳು ತಮಗಿಷ್ಟ ಬಂದ ಕಡೆ ತಿರುಗಿ ಅಡ್ಡಕ್ಕೆ ನಿಲ್ಲುತ್ತವೆ. ಎಳೆಯುವ ಕಂಬಿ ಬಾಗುತ್ತದೆ. ಹಿಂದೆ ಹೋಗಬೇಕಾದರೆ ಇಳಿದು ಕಾರು ಬಿಚ್ಚಲೇಬೇಕು. ಅಂದರೆ ಹೀಗೆ ಪ್ರಯಾಣ ಮಾಡುವವರ ರಿವರ್ಸ್ ಕ್ಯಾಮೆರಾ ದಾರಿಯುದ್ದಕ್ಕೂ ರಿವರ್ಸ್ ಬಿಟ್ಟು ಉಳಿದೆಲ್ಲ ಕೆಲಸ ಮಾಡುತ್ತಿರುತ್ತದೆ.

ಹಾಗಾದರೆ ಹಿಂದಕ್ಕೆ ತೆಗೆಯುವಾಗ ಅದು ಸುಮ್ನೆ ಅಲಂಕಾರವೇ? ಹಾಗಲ್ಲ. ಕೊನೆಯ ಹತ್ತು ಅಡಿಯಲ್ಲಿ ಅದಕ್ಕೆ ಸಮಾನ ಬೇರೆ ಇಲ್ಲ. ಕ್ಯಾಂಪ್‌ಗ್ರೌಂಡ್‌ನಲ್ಲಿ, ಅಂದರೆ ಇಂಥ ಗಾಡಿಗಳು ರಾತ್ರಿ ತಂಗುವ ಕಡೆ, ನಿಲ್ಲಿಸುವ ಜಾಗಗಳು ಎರಡು ಬಗೆ. ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಡುವಂಥದ್ದು ಒಂದು. ಹಿಂದಕ್ಕೆ ತೆಗೆದೇ ನಿಲ್ಲಿಸಬೇಕಾದದ್ದು ಇನ್ನೊಂದು. ಮರಗಳ ನಡುವಿನ ಚೆಂದದ ಜಾಗಗಳು ಎರಡನೆಯ ಬಗೆಯಲ್ಲೇ ಜಾಸ್ತಿ. ಅಲ್ಲಿ ಹಿಂದೆ ಒಂದು ಮರದ ಊಟದ ಬೆಂಚಿರುತ್ತದೆ, ಕಬ್ಬಿಣದ ಬಳೆ ಕಟ್ಟಿದ ಒಲೆಗುಂಡಿ ಇರುತ್ತದೆ, ಪಕ್ಕದಲ್ಲಿ ಮೊಣಕಾಲೆತ್ತರದ ಕರೆಂಟ್ ಕಂಬ, ನೀರಿನ ನಲ್ಲಿ. ಇವೆಲ್ಲ ಗಿಡ್ಡ ವಸ್ತುಗಳು. ಹಿಂದಿನ ಗೋಡೆಯ ಹತ್ತಿರ ಬಂದಂತೆ ಕನ್ನಡಿಯಿಂದ ಮಾಯವಾಗುತ್ತವೆ. ಛಾವಣಿಯ ಕೆಳಗೆ ಕೂರಿಸಿ ಕೆಳಮುಖ ಮಾಡಿದ ಕ್ಯಾಮೆರಾದಲ್ಲಿ ಬಂಪರಿನ ಅಂಚೂ ಒಲೆಗುಂಡಿಯ ಬಳೆಯೂ ಒಟ್ಟಿಗೆ ಕಾಣುತ್ತವೆ. ಫೈಬರ್‌ಗ್ಲಾಸ್ ಗೋಡೆಯೊಂದು ಬಿರಿದರೆ ರಿಪೇರಿ ಸಾವಿರಾರು ಡಾಲರ್. ಆ ಲೆಕ್ಕದಲ್ಲಿ ಒಂದು ಬೆಂಚು ತಪ್ಪಿಸಿದರೂ ಕ್ಯಾಮೆರಾದ ಖರ್ಚು ಹುಟ್ಟಿತು.

ಆದರೆ ಪರದೆಯ ಮೇಲಿನ ಹಸಿರು, ಹಳದಿ, ಕೆಂಪು ಗೆರೆಗಳನ್ನು ನಂಬಬೇಡಿ. ಹೊರಗಿನಿಂದ ಕೊಂಡು ಹಾಕಿದ ಕ್ಯಾಮೆರಾಗಳಲ್ಲಿ ಆ ಗೆರೆಗಳು ಸಾಮಾನ್ಯವಾಗಿ ಸ್ಟೇರಿಂಗ್ ತಿರುಗಿಸಿದಂತೆ ತಿರುಗುವುದಿಲ್ಲ. ಕೆಂಪು ಗೆರೆ ಎಂದರೆ ಮೂರಡಿಯೋ ಆರಡಿಯೋ ಅಂತ ಆ ಕ್ಯಾಮೆರಾಕ್ಕೂ ಗೊತ್ತಿಲ್ಲ. ಅದು ಎಷ್ಟು ಎತ್ತರದಲ್ಲಿ, ಎಷ್ಟು ಬಾಗಿಸಿ ಕೂರಿಸಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಅಗಲ ಕೋನದ ಲೆನ್ಸು ಬೇರೆ ಎಲ್ಲವನ್ನೂ ದೂರ ತೋರಿಸುತ್ತದೆ. ಖಾಲಿ ಪಾರ್ಕಿಂಗ್ ಜಾಗ ಹುಡುಕಿ, ಟೇಪ್ ಹಿಡಿದು ಬಂಪರಿನಿಂದ ಮೂರು, ಆರು, ಹತ್ತು ಅಡಿಗೆ ಒಂದೊಂದು ಡಬ್ಬಿ ಇಡಿ. ಪರದೆಯ ಮೇಲೆ ಅವು ಎಲ್ಲಿ ಕಾಣುತ್ತವೋ ಅಲ್ಲಿ ಅಂಟುಪಟ್ಟಿಯ ಚಿಕ್ಕ ತುಂಡು ಹಚ್ಚಿ. ಅರ್ಧ ಗಂಟೆಯ ಕೆಲಸ. ಕಂಪನಿಯ ಗೆರೆಗಿಂತ ನಿಮ್ಮ ಪಟ್ಟಿ ಮೇಲು. ಚಿತ್ರ ಕನ್ನಡಿಯಂತೆ ತಿರುವಿದೆಯೋ ಇಲ್ಲವೋ ಅದನ್ನೂ ಆಗಲೇ ನೋಡಿಕೊಳ್ಳಿ. ತಿರುವಿಲ್ಲದಿದ್ದರೆ ಎಡಕ್ಕಿದ್ದದ್ದು ಬಲಕ್ಕೆ ಕಾಣುತ್ತದೆ, ಸ್ಟೇರಿಂಗ್ ಉಲ್ಟಾ ತಿರುಗಿಸುತ್ತೀರಿ. ಕೆಲವು ಕ್ಯಾಮೆರಾಗಳಲ್ಲಿ ಮೆನುವಿನಲ್ಲೇ ಬದಲಿಸಬಹುದು. ಅಗ್ಗದ ಕೆಲವುಗಳಲ್ಲಿ ಒಂದು ಚಿಕ್ಕ ವೈರಿನ ಕುಣಿಕೆ ಕತ್ತರಿಸಬೇಕು.

ಕ್ಯಾಮೆರಾಕ್ಕೆ ಕಾಣದ ಜಾಗಗಳೂ ಇವೆ. ಅಲ್ಲೇ ಜನ ಪೆಟ್ಟು ತಿನ್ನುವುದು. ಮೊದಲನೆಯದು ಮೇಲುಗಡೆ. ಕೆಳಮುಖ ಮಾಡಿದ ಕ್ಯಾಮೆರಾ ಮರದ ಕೊಂಬೆ ತೋರಿಸುವುದಿಲ್ಲ. ಛಾವಣಿಯ ಮೇಲೆ ಏಸಿ, ಗಾಳಿಕಿಂಡಿಯ ಮುಚ್ಚಳ, ಸೋಲಾರ್ ಹಲಗೆ ಎಲ್ಲ ಇರುತ್ತವೆ. ಎರಡನೆಯದು ಬಾಲದ ತಿರುವು. ದೊಡ್ಡ ಮೋಟರ್‌ಹೋಮ್‌ನಲ್ಲಿ ಹಿಂದಿನ ಚಕ್ರದಾಚೆ ಹತ್ತು ಹನ್ನೊಂದು ಅಡಿ ಮೈ ಚಾಚಿಕೊಂಡಿರುತ್ತದೆ. ನೀವು ಬಲಕ್ಕೆ ಪೂರ್ತಿ ತಿರುಗಿಸಿದರೆ ಆ ಬಾಲ ಎಡಕ್ಕೆ ಒಂದೆರಡು ಅಡಿ ಬೀಸುತ್ತದೆ. ಪೆಟ್ರೋಲ್ ಬಂಕಿನಲ್ಲಿ ಪಂಪಿನ ಪಕ್ಕ ನಿಲ್ಲಿಸಿ, ಹೊರಡುವಾಗ ಆತುರದಲ್ಲಿ ತಿರುಗಿಸಿದರೆ ಆ ಹಳದಿ ಬಣ್ಣದ ಕಾವಲು ಕಂಬಕ್ಕೆ ಬಾಲ ತಾಗುವುದು ಹೀಗೇ. ಆಗ ಗಾಡಿ ಮುಂದಕ್ಕೆ ಹೋಗುತ್ತಿರುತ್ತದೆ, ಕ್ಯಾಮೆರಾ ಹಿಂದೆ ನೇರ ನೋಡುತ್ತಿರುತ್ತದೆ. ಇದಕ್ಕೆ ಮದ್ದು ಪಕ್ಕದ ಕನ್ನಡಿ. ಕಂಬ ದಾಟುವವರೆಗೂ ನೇರ ಹೋಗಿ, ಆಮೇಲೆ ತಿರುಗಿಸಿ.

ಟ್ರೈಲರ್ ಎಳೆಯುವವರಿಗೆ ಇನ್ನೂ ಒಂದು ತೊಡಕು. ಟ್ರೈಲರ್ ಹಿಂದಕ್ಕೆ ತೆಗೆಯುವಾಗ ಅದು ಸ್ಟೇರಿಂಗ್ ತಿರುಗಿಸಿದ್ದಕ್ಕೆ ಉಲ್ಟಾ ಹೋಗುತ್ತದೆ. ಅಲ್ಲಿ ಮುಖ್ಯವಾದದ್ದು ಪಿಕಪ್ಪಿಗೂ ಟ್ರೈಲರಿಗೂ ನಡುವಿನ ಕೋನ. ಅದು ಕೈಮೀರಿದರೆ ಎರಡೂ ಕತ್ತರಿಯಂತೆ ಮಡಿಚಿಕೊಳ್ಳುತ್ತವೆ. ಟ್ರೈಲರಿನ ಬೆನ್ನಿಗಿರುವ ಕ್ಯಾಮೆರಾ ಆ ಕೋನ ತೋರಿಸುವುದಿಲ್ಲ. ಫೋರ್ಡ್ 2016ರ ಎಫ್-150 ಮಾದರಿಯಲ್ಲಿ ಸ್ಟೇರಿಂಗ್ ಬದಲು ಒಂದು ಗುಂಡಿ ತಿರುಗಿಸಿ ಟ್ರೈಲರ್ ಹಿಂದಕ್ಕೆ ತೆಗೆಯುವ ವ್ಯವಸ್ಥೆ ತಂದದ್ದು ಈ ತಲೆನೋವಿಗೇ. ಟ್ರೈಲರಿಗೆ ಕ್ಯಾಮೆರಾ ಬೇಡ ಅಂತಲ್ಲ. ಹೆದ್ದಾರಿಯ ಉಪಯೋಗ ಇಲ್ಲೂ ಅಷ್ಟೇ ಇದೆ. ರಿವರ್ಸ್‌ಗೆ ಮಾತ್ರ ಎರಡನೆಯ ಆಯ್ಕೆ.

ವೈರು ಎಳೆದ ಕ್ಯಾಮೆರಾನೋ ವೈರ್‌ಲೆಸ್ಸೋ? ಮೋಟರ್‌ಹೋಮ್ ಆದರೆ ಕಷ್ಟಪಟ್ಟಾದರೂ ವೈರು ಎಳೆಸಿ. 40 ಅಡಿ ಉದ್ದದ, ನಡುವೆ ಲೋಹ ತುಂಬಿದ ಗಾಡಿಯಲ್ಲಿ ಸಿಗ್ನಲ್ ತಡವರಿಸುತ್ತದೆ. ಚಿತ್ರ ಅರ್ಧ ಸೆಕೆಂಡ್ ತಡವಾಗಿ ಬಂತು ಅನ್ನಿ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಗಾಡಿ ಅಷ್ಟರಲ್ಲಿ 70 ಸೆಂಟಿಮೀಟರ್ ಹಿಂದೆ ಬಂದಿರುತ್ತದೆ. ಪರದೆಯಲ್ಲಿ ಬೆಂಚು ಇನ್ನೂ ಎರಡಡಿ ದೂರ, ನಿಜದಲ್ಲಿ ಮುರಿದಾಯಿತು. ಟ್ರೈಲರನ್ನು ಬಿಚ್ಚಿ ಕಟ್ಟುತ್ತಲೇ ಇರಬೇಕಾದ್ದರಿಂದ ಅಲ್ಲಿ ವೈರ್‌ಲೆಸ್ಸೇ ಅನುಕೂಲ. ಅಲ್ಲೂ ಒಳ್ಳೆಯದನ್ನೇ ಕೊಳ್ಳಿ, ಇನ್ನಷ್ಟು ನಿಧಾನ ತೆಗೆಯಿರಿ.

ಇಷ್ಟೆಲ್ಲ ಆದ ಮೇಲೂ ಹಿಂದೆ ಒಬ್ಬರು ನಿಲ್ಲಲೇಬೇಕು. ನಮ್ಮ ಕಡೆ ಲಾರಿ ರಿವರ್ಸ್ ತೆಗೆಯುವಾಗ ಕ್ಲೀನರ್ ಇಳಿದು 'ಬರ್ಲಿ ಬರ್ಲಿ ಬರ್ಲಿ... ಹೋಲ್ಡಾನ್!' ಅಂತ ಕೂಗಿ ಮೈಗೆ ಡಬ್ ಅಂತ ಬಡಿಯುತ್ತಾನಲ್ಲ, ಆ ಕೆಲಸ. ಕ್ಲೀನರ್ ಕತ್ತೆತ್ತಿ ಕರೆಂಟ್ ತಂತಿಯನ್ನೂ ನೋಡುತ್ತಾನೆ, ಬಗ್ಗಿ ಚರಂಡಿಯ ಅಂಚನ್ನೂ ನೋಡುತ್ತಾನೆ, ಓಡಿ ಬರುವ ಮಗುವನ್ನೂ ತಡೆಯುತ್ತಾನೆ. ಮೋಟರ್‌ಹೋಮ್‌ನಲ್ಲಿ ಕ್ಲೀನರ್ ಇಲ್ಲ. ಗಂಡ ಸ್ಟೇರಿಂಗ್ ಹಿಂದಿದ್ದರೆ ಹೆಂಡತಿ ಇಳಿಯಬೇಕು, ಹೆಂಡತಿ ಓಡಿಸುತ್ತಿದ್ದರೆ ಗಂಡ. ಜಗಳ ಹತ್ತುವುದು ಅಲ್ಲೇ. 'ಕ್ಯಾಂಪರ್ ಪಾರ್ಕ್ ಮಾಡುವಾಗ ನಾನು ಅಂದದ್ದಕ್ಕೆ ಕ್ಷಮಿಸು' ಅಂತ ಅಚ್ಚು ಹಾಕಿದ ಟೀಶರ್ಟುಗಳೇ ಅಲ್ಲಿ ಮಾರಾಟಕ್ಕಿವೆ!

ಜಗಳ ಕಡಿಮೆ ಮಾಡಲು ಮೂರು ಮಾತು ಮೊದಲೇ ಒಪ್ಪಿಕೊಂಡರೆ ಸಾಕು. ಎಡ, ಬಲ ಅನ್ನಬೇಡಿ, ಎದುರುಬದುರು ನಿಂತವರ ಎಡಬಲ ಬೇರೆ. 'ಡ್ರೈವರ್ ಕಡೆ' ಅನ್ನಿ. ಹಿಂದೆ ನಿಂತವರು ಕನ್ನಡಿಯಲ್ಲೂ ಪರದೆಯಲ್ಲೂ ಕಾಣದಾದ ಕೂಡಲೇ ಡ್ರೈವರ್ ನಿಲ್ಲಿಸಬೇಕು. ಕೂಗಾಡುವ ಬದಲು ಫೋನೋ ವಾಕಿಟಾಕಿಯೋ ಇಟ್ಟುಕೊಳ್ಳಿ. ಒಬ್ಬರೇ ಇದ್ದರೆ ಲಾರಿಯವರು ಮಾಡುವಂತೆ ಇಳಿದು ನೋಡಿ, ಹತ್ತಿ ಸ್ವಲ್ಪ ತೆಗೆದು, ಮತ್ತೆ ಇಳಿದು ನೋಡಬೇಕು. ಬೇಸರದ ಕೆಲಸ ಹೌದು, ಆದರೆ ಬಿಟ್ಟಿ.

ನನ್ನ ಕೈಯಲ್ಲಿ 500 ಡಾಲರ್ ಇದ್ದರೆ ಹೀಗೆ ಖರ್ಚು ಮಾಡುತ್ತೇನೆ. ಮೊದಲು ಪಕ್ಕದ ಕನ್ನಡಿಗಳಿಗೆ ಉಬ್ಬುಗನ್ನಡಿ ಅಂಟಿಸುತ್ತೇನೆ, ಕೆಲವೇ ಡಾಲರ್. ಆಮೇಲೆ ಒಂದು ಜೊತೆ ವಾಕಿಟಾಕಿ. ಉಳಿದದ್ದೆಲ್ಲ ವೈರಿನ ಕ್ಯಾಮೆರಾಕ್ಕೆ, ಇಡೀ ದಿನ ಉರಿಯುವ ಪರದೆಯ ಜೊತೆ. 20 ಅಡಿಯ ವ್ಯಾನ್ ಕ್ಯಾಂಪರ್ ಇರುವವರು ಬೇರೆ ಕ್ಯಾಮೆರಾ ಕೊಳ್ಳುವ ಅಗತ್ಯ ಕಾಣುವುದಿಲ್ಲ, ಅದರಲ್ಲಿ ಇರುವುದೇ ಸಾಕು.

ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳು ಬೇಸಿಗೆ ರಜೆಯಲ್ಲಿ ಬಾಡಿಗೆ ಆರ್‌ವಿ ತೆಗೆದುಕೊಂಡು ಯೆಲ್ಲೋಸ್ಟೋನ್, ಯೊಸೆಮಿಟಿ ಕಡೆ ಹೊರಡುವುದುಂಟು. ಊರಿನಿಂದ ಬಂದ ಅಪ್ಪ ಅಮ್ಮ, ಮಕ್ಕಳು ಎಲ್ಲ ಒಂದೇ ಗಾಡಿಯಲ್ಲಿ. ಅವರಿಗಾಗಿ ಒಂದೆರಡು ಮಾತು. ಕ್ಯಾಲಿಫೋರ್ನಿಯಾದಲ್ಲಿ 40 ಅಡಿಯವರೆಗಿನ ಮೋಟರ್‌ಹೋಮ್‌ಗೆ ಕಾರಿನ ಲೈಸೆನ್ಸೇ ಸಾಕು. ಅಂದರೆ ನಿನ್ನೆವರೆಗೂ ಕಾರು ಓಡಿಸುತ್ತಿದ್ದವರ ಕೈಗೆ 30 ಅಡಿಯ ಗಾಡಿ ಒಂದು ಕೀ ಜೊತೆ ಬರುತ್ತದೆ. ಕಾರಿನಲ್ಲಿ ಕ್ಯಾಮೆರಾ ನೋಡಿ ಅಭ್ಯಾಸ ಆದವರಿಗೇ ಇಲ್ಲಿ ಅಪಾಯ ಜಾಸ್ತಿ. ಪರದೆಯಲ್ಲಿ ದಾರಿ ಖಾಲಿ ಕಂಡರೆ ಕಾರಿನಲ್ಲಿ ಹಿಂದಕ್ಕೆ ಹೋಗಬಹುದು, ಇಲ್ಲಿ ಮೇಲೊಂದು ಕೊಂಬೆ ಕಾಯುತ್ತಿರುತ್ತದೆ. ಮೊಂಟಾನಾ ರಾಜ್ಯದ ಗ್ಲೇಸಿಯರ್ ಪಾರ್ಕಿನ ಗೋಯಿಂಗ್-ಟು-ದ-ಸನ್ ರಸ್ತೆಯ ನಡುಭಾಗಕ್ಕೆ 21 ಅಡಿಗಿಂತ ಉದ್ದದ, 8 ಅಡಿಗಿಂತ ಅಗಲದ ಗಾಡಿ ಬಿಡುವುದೇ ಇಲ್ಲ. ಹೋಗಿ ಸಿಕ್ಕಿಕೊಂಡು ಹಿಂದಕ್ಕೆ ತೆಗೆಯುವುದಕ್ಕಿಂತ ಮೊದಲೇ ನೋಡಿಕೊಳ್ಳುವುದು ಸುಲಭ.

ಬುಕ್ ಮಾಡುವಾಗಲೇ ಹಿಂಬದಿ ಕ್ಯಾಮೆರಾ ಇದೆಯಾ, ಮುಂದೆ ಹೋಗುವಾಗಲೂ ಉರಿಯುತ್ತದಾ ಅಂತ ಕೇಳಿ. ಛಾವಣಿಗೆ ಆದ ಪೆಟ್ಟು ವಿಮೆಯಲ್ಲಿ ಬರುತ್ತದಾ ಅಂತ ಕರಾರಿನಲ್ಲಿ ಓದಿ. ಗಾಡಿ ಕೈಗೆ ಬಂದ ದಿನ ಲೆನ್ಸು ಒರೆಸಿ, ದೊಡ್ಡ ಚಪ್ಪಟೆ ಬೆನ್ನಿನ ಗಾಡಿ ತನ್ನ ಧೂಳನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಆದ್ದರಿಂದ ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗಲೂ ಒರೆಸಬೇಕು. ಟ್ರೈಲರ್ ಆಗಿದ್ದು ಪರದೆಯಲ್ಲಿ ಏನೂ ಬರದಿದ್ದರೆ ಗಾಬರಿಯಾಗಬೇಡಿ, ಹೆಡ್‌ಲೈಟ್ ಸ್ವಿಚ್ ಹಾಕಿ ನೋಡಿ. ಎಷ್ಟೋ ಟ್ರೈಲರ್‌ಗಳಲ್ಲಿ ಕ್ಯಾಮೆರಾಕ್ಕೆ ಕರೆಂಟ್ ಬರುವುದು ಮೂಲೆಯಲ್ಲಿ ಉರಿಯುವ ಚಿಕ್ಕ ದೀಪಗಳ ವೈರಿನಿಂದ. ಲೈಟ್ ಹಾಕದಿದ್ದರೆ ಕ್ಯಾಮೆರಾವೂ ಇಲ್ಲ.